ಅಪ್ಪನ ಹೆಬ್ಬೆರಳಿನಲ್ಲಿ ಅಳೆದ ಮೀನು

೧
ಎಲ್ಲಿಂದ ಶುರು ಮಾಡಲಿ? ಕೆರೆಯಿಂದ ಹೊರಟರೆ ನೀವು ಮಂಜು, ಮೌನ, ಹಕ್ಕಿ ಎಂದೆಲ್ಲ ಕಾಯುತ್ತೀರಿ. ನನಗೆ ಅದು ಬರುವುದಿಲ್ಲ. (ಬರೆದು ನೋಡಿದೆ. ಹಕ್ಕಿಗೇ ನಾಚಿಕೆಯಾಯಿತು.) ಗೋಡೆಯಿಂದಲೇ ಶುರು ಮಾಡುತ್ತೇನೆ.

೨
ಗಾಳದ ಸಂಘದ ಕೋಣೆ. ಗೋಡೆ ತುಂಬ ಈಗಿನ ಅಧ್ಯಕ್ಷರದೇ ಫೋಟೋ, ವರ್ಷಕ್ಕೊಂದು, ಪ್ರತಿಯೊಂದರಲ್ಲೂ ಕೈಯಲ್ಲಿ ಮೀನು. ಇವತ್ತಿನ ಸಭೆಗೆ ಒಂದೇ ಪ್ರಶ್ನೆ: ಹವ್ಯಾಸಕ್ಕೆ ಗಾಳ ಹಾಕುವುದರಿಂದ ಕೆರೆಯ ಮೀನು ಕಡಿಮೆಯಾಗುತ್ತಿದೆಯೇ? ಹೌದಾದರೆ ಎರಡು ವರ್ಷ ಗಾಳ ಬಂದ್. ಸಾಕ್ಷ್ಯ ತೂಗಿ ನೋಡಲು ಬಂದ ಮೀನು ವಿಜ್ಞಾನಿ ಅಧ್ಯಕ್ಷರ ಸ್ವಂತ ಮಗಳು. ಅಧ್ಯಕ್ಷರಿಗೋ ಕೆರೆ ಅಂದರೆ ಪ್ರಾಣ.

"ಗೋಡೆ ನೋಡಮ್ಮ. ಮೀನು ಅವತ್ತೂ ಅಷ್ಟೇ, ಇವತ್ತೂ ಅಷ್ಟೇ," ಎಂದರು ಅಪ್ಪ.

೩ (ಹರಿದು ಹಾಕಿದ ಡ್ರಾಫ್ಟ್)
ಮಗಳು ಎಲ್ಲರೆದುರು ಸತ್ಯ ಹೇಳಿದಳು. ಅಪ್ಪ ಕುಸಿದು ಕುಳಿತರು.

"ನಾನ್ಯಾಕ್ರೀ ಕುಸೀಲಿ?" ಅಪ್ಪ ನನ್ನ ಮೇಲೇ ರೇಗಿದರು. "ಕಥೆ ಬರೆಯೋರಿಗೆ ಅಪ್ಪಂದಿರು ಅಂದ್ರೆ ಕುಸಿಯೋ ಗೋಡೆನಾ? ಸರಿಯಾಗಿ ಬರೀರಿ."

೩ (ಸರಿಯಾಗಿ)
ಗಾಳದವರಿಗೊಂದು ರೂಢಿ: ಫೋಟೋ ತೆಗೆಸಿಕೊಳ್ಳುವಾಗ ಮೀನು ದೊಡ್ಡದಾಗಿ ಕಾಣಲೆಂದು ಅದನ್ನು ಕ್ಯಾಮೆರಾದತ್ತ ಚಾಚುವುದು. ವರ್ಷ ಕಳೆದಂತೆ ಮೀನು ಕುಗ್ಗಿತ್ತು, ಅಪ್ಪನ ಕೈ ಅವರಿಗೇ ತಿಳಿಯದಂತೆ ಇನ್ನಷ್ಟು ಚಾಚಿಕೊಂಡಿತ್ತು. ಮಗಳು ಮೀನನ್ನು ಅಪ್ಪನ ಎದೆಗೆ ಹೋಲಿಸಲಿಲ್ಲ, ಮೀನನ್ನು ಹಿಡಿದ ಹೆಬ್ಬೆರಳಿನಲ್ಲಿ ಅಳೆದಳು; ಮೀನು ಎಷ್ಟು ಮುಂದೆ ಬಂದರೂ ಹೆಬ್ಬೆರಳೂ ಅಷ್ಟೇ ಮುಂದೆ ಬರುತ್ತದೆ. ಹಳೆಯದು ಹನ್ನೆರಡು ಹೆಬ್ಬೆರಳುದ್ದ. ಈಚಿನದು ಏಳು.

"ಗೋಡೆಗೆ ಬರೋದು ಜಂಬದ ಮೀನು ಮಾತ್ರ ಅಲ್ವೇನೇ?"

"ಅದಕ್ಕೇ ಅಪ್ಪ. ಜಂಬದ್ದೇ ಇಷ್ಟು ಕುಗ್ಗಿದ್ರೆ?"

"ನೀರು ಕೆಟ್ಟಿರಬಹುದು."

"ಪಕ್ಕದ ಕೆರೆಗೂ ಅದೇ ಕಾಲುವೆ ನೀರು. ಅಲ್ಲಿ ಗಾಳ ಹಾಕೋ ಹಾಗಿಲ್ಲ. ಬಲೆ ಹಾಕಿ ನೋಡ್ದೆ, ದೊಡ್ಡವು ಇನ್ನೂ ಇವೆ. ಆದ್ರೆ ಒಂದು ಕೆರೆ ಬರೀ ಸಾಕ್ಷಿ, ತೀರ್ಪಲ್ಲ. ಇಲ್ಲಿ ಎರಡು ವರ್ಷ ಗಾಳ ನಿಲ್ಲಿಸಿ ನೋಡಿದ್ರೆ ಗೊತ್ತಾಗತ್ತೆ."

ಅಪ್ಪ ಸಭೆಯತ್ತ ತಿರುಗಿದರು. ಸೋತ ಮುಖವನ್ನು ಹುಡುಕಿದೆ, ಸಿಗಲಿಲ್ಲ. "ಕೇಳಿದ್ರಾ? ನನ್ನ ಬೆರಳಿಂದಲೇ ನನ್ನನ್ನ ಹಿಡಿದ್ಲು. ನನ್ನ ಮಗಳು ಕಣ್ರೀ!" (ಬರೆಯುತ್ತಿರುವ ನನಗೂ ಹೆಮ್ಮೆಯಾಯಿತು. ಅವಳನ್ನು ಹುಟ್ಟಿಸಿದವನು ನಾನೂ ಹೌದಲ್ಲವೇ?)

೪
ಮುಕ್ತಾಯ ಅ: ಗಾಳ ಬಂದ್. ಮುಕ್ತಾಯ ಆ: ಒಂದು ಮತದಿಂದ ಗಾಳ ಉಳಿಯಿತು, ಆ ಮತ ಅಪ್ಪನದು. ಎರಡನ್ನೂ ಬರೆದಿದ್ದೇನೆ, ಎರಡನ್ನೂ ಕೊಡುವುದಿಲ್ಲ. ಮತ ಎಣಿಸುವುದು ನನ್ನ ಕೆಲಸವಲ್ಲ.

ಎಣಿಕೆ ನಡೆಯುತ್ತಿರುವಾಗ ಅಪ್ಪ ಬೆಳಗ್ಗೆ ಹಿಡಿದ ಮೀನನ್ನು ಐಸ್ ಪೆಟ್ಟಿಗೆಯಿಂದ ತೆಗೆದು, ಮಗಳ ಕೈಗೆ ಫೋನ್ ಕೊಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತರು. ಕೈ ಚಾಚಲಿಲ್ಲ. ಮೊಣಕೈ ಮಡಚಿ, ಮೀನನ್ನು ಎದೆಗೆ ಒತ್ತಿ ಹಿಡಿದರು. ಮೀನು ಎಷ್ಟು ಸಣ್ಣದೋ ಅಷ್ಟೇ ಸಣ್ಣದಾಗಿ ಕಂಡಿತು.

"ತೆಗಿ ಮಗಳೇ. ಹೆಬ್ಬೆರಳು ಕಾಣ್ತಿದೆ ತಾನೆ?"