ಅಕ್ಕ ಹಾಡಿದ್ದ ವೇಗ

ಅಕ್ಕ ತೀರಿಕೊಂಡ ಮರುದಿನ, ಸೋಮವಾರ, ಅವಳ ಮಗಳು ವೀರ್ಲ ಫೋನ್ ಮಾಡಿದಳು. ಅತ್ತು ಅತ್ತು ಗಂಟಲು ಕಟ್ಟಿತ್ತು. ಆದರೂ ಅವಳು ಅವಳಮ್ಮನ ಮಗಳೇ. ಸುತ್ತಿ ಬಳಸದೆ ವಿಷಯಕ್ಕೆ ಬಂದಳು.

"ಮಾಮ, ಶುಕ್ರವಾರ ಚಿತಾಗಾರದಲ್ಲಿ ಅಮ್ಮನ ಹಾಡು ಹಾಕ್ಬೇಕು. ನಿಂದಲ್ಲ. ಅಮ್ಮಂದು."

"ನಂದ್ರಲ್ಲಿರೋದೂ ಅವಳೇ ಅಲ್ವೇನೆ?"

"ಅದ್ರಲ್ಲಿ ಯಾವನೋ ಗಂಡಸು ಹಾಡ್ತಾನೆ ಮಾಮ. ನಾನು ಹುಟ್ಟಿದ್ಮೇಲೆ ಅಮ್ಮ ಹಾಡಿದ್ದನ್ನ ಒಂದು ದಿನ ಕೇಳಿಲ್ಲ. ಜೋಗುಳಾನೂ ಇಲ್ಲ. ಒಂದ್ಸಲ ಕೇಳ್ಬೇಕು, ಅಷ್ಟೇ. ಗುರುವಾರ ಮಧ್ಯಾಹ್ನದೊಳಗೆ ಅಲ್ಲಿಯವರಿಗೆ ಕಳಿಸಿಬಿಡ್ಬೇಕಂತೆ."

ಹೂಂ ಅಂದೆ. ಬೇರೇನು ಅನ್ನಲಿ?

ಗಂಡಸು ಅಂದಳಲ್ಲ, ಅದು ಯಾಕೆಂದು ಹೇಳಬೇಕು. ನನ್ನಕ್ಕ ಯೋಸಿಯಾನ್ ಲೋಕೆರೆನ್ ಪೇಟೆಯ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದಳು. ವಾರದ ಕೊನೆಯಲ್ಲಿ ಅಚೀಲ್ ಅವರ ಅಕಾರ್ಡಿಯನ್ ತಂಡದ ಜೊತೆ ಸುತ್ತಲಿನ ಊರುಗಳ ಕುಣಿತದ ಡೇರೆಗಳಲ್ಲಿ ಹಾಡುತ್ತಿದ್ದಳು. ಒಮ್ಮೆ ತಂಡದವರೆಲ್ಲ ಸೇರಿ ಅವಳದೊಂದು ಪುಟ್ಟ ರೆಕಾರ್ಡು ಮಾಡಿಸಿದರು, ಮುನ್ನೂರು ಪ್ರತಿ. ಹುಡುಗಿಯೊಬ್ಬಳು ನದಿಯ ದಂಡೆಯ ಮೇಲೆ ಸೈಕಲ್ ತುಳಿದುಕೊಂಡು ತನ್ನ ಹುಡುಗನ ಮನೆಗೆ ಹೋಗುವ ಹಾಡು. "ಬಾಗಿಲು ತೆಗೆದಿಡು, ಬರುತ್ತಿದ್ದೇನೆ" ಎಂಬುದು ಅದರ ಪಲ್ಲವಿ. ಮುದುಕಿಯರೂ ಎದ್ದು ಚಪ್ಪಾಳೆ ತಟ್ಟುವಷ್ಟು ಚುರುಕಾದ ಹಾಡು. ನಾನು ಮೂಗು ಮುರಿಯುತ್ತಿದ್ದೆ.

ನಾನು ಆಗ ಹೆದ್ದಾರಿ ಪಕ್ಕದ ಡಾನ್ಸ್ ಹಾಲಿನಲ್ಲಿ ಡಿಜೆ. ವಯಸ್ಸು ಇಪ್ಪತ್ತಾರು, ತಲೆಯಲ್ಲಿ ಬುದ್ಧಿಗಿಂತ ಎಣ್ಣೆಯೇ ಜಾಸ್ತಿ. ಆ ವರ್ಷಗಳಲ್ಲಿ ನಮ್ಮ ಕಡೆ ಒಂದು ಹುಚ್ಚು ಹಬ್ಬಿತ್ತು: ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕಾದ ರೆಕಾರ್ಡನ್ನು ಮೂವತ್ಮೂರರಲ್ಲಿ ನಿಧಾನ ತಿರುಗಿಸುವುದು. ಮೊದಲು ಮಾಡಿದ್ದು ನಾನೇ ಎನ್ನುವ ಹತ್ತು ಜನ ಈಗಲೂ ಸಿಗುತ್ತಾರೆ. ಹಾಗೆ ತಿರುಗಿಸಿದರೆ ತಾಳ ಭಾರವಾಗುತ್ತದೆ, ಕೊಳಲು ಕಹಳೆಯಾಗುತ್ತದೆ, ಹೆಂಗಸಿನ ದನಿ ಗಂಡಸಿನದಾಗುತ್ತದೆ. ಜನ ಕೆಸರುಗದ್ದೆಯಲ್ಲಿ ಕಾಲೆತ್ತಿಡುವವರಂತೆ ಕುಣಿಯುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತೇಳರ ಒಂದು ಭಾನುವಾರ ಮಧ್ಯಾಹ್ನ, ಹಾಲ್ ಅರ್ಧ ಖಾಲಿ ಇತ್ತು. ಗೇಲಿಗೆಂದೇ ಅಕ್ಕನ ರೆಕಾರ್ಡನ್ನು ಮೂವತ್ಮೂರಕ್ಕೆ ಹಾಕಿದೆ. ಯಾರೂ ನಗಲಿಲ್ಲ. ಅಕಾರ್ಡಿಯನ್ನಿನ ತಿದಿ ಉಬ್ಬಸದವನಂತೆ ಉಸಿರೆಳೆಯಿತು. ಆಮೇಲೆ ಆ ದನಿ ಬಂತು: ಬಾಗಿಲು ತೆಗೆದಿಡು, ಬರುತ್ತಿದ್ದೇನೆ. ಸತ್ತವನೊಬ್ಬ ಮನೆಗೆ ಮರಳಿ ಬರುತ್ತಿದ್ದಾನೆ ಅನ್ನಿಸಿತು. ಹಾಲಿನಲ್ಲಿದ್ದವರು ಮತ್ತೆ ಬೇಕು ಎಂದು ಹಟ ಹಿಡಿದರು. ಅಂದು ನಾಲ್ಕು ಸಲ ಹಾಕಿದೆ.

ಮುಂದಿನದ್ದು ನನ್ನ ಕೆಲಸ. ಆ ದನಿಯ ಎರಡು ಸಾಲು ಕತ್ತರಿಸಿ, ಅದರ ಕೆಳಗೆ ಡ್ರಮ್ ಯಂತ್ರದ ತಾಳ ಇಟ್ಟು, ಅಕಾರ್ಡಿಯನ್ನಿನ ಉಸಿರು ಸುತ್ತಿ ಸುತ್ತಿ ಬರುವಂತೆ ಮಾಡಿ, ನನ್ನ ಹೆಸರಿನಲ್ಲಿ ರೆಕಾರ್ಡು ತಂದೆ. ಆ ಚಳಿಗಾಲ ಅದು ಕೇಳಿಸದ ಡಾನ್ಸ್ ಹಾಲ್ ಈ ನಾಡಿನಲ್ಲಿ ಇರಲಿಲ್ಲ. ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಅವಳನ್ನು ಕೇಳಿದೆನೇ ಎಂದರೆ, ಇಲ್ಲ. ಬೇರೆಯವರದ್ದಾಗಿದ್ದರೆ ಒಂದು ಕಾಗದವನ್ನಾದರೂ ಬರೆಯುತ್ತಿದ್ದೆನೇನೋ. ನಮ್ಮನೆ ಬೆಣ್ಣೆಗೆ ಅಪ್ಪಣೆ ಯಾಕೆ ಅಂದುಕೊಂಡೆ. ಇವತ್ತಿಗೂ ಹೇಳುತ್ತೇನೆ, ಕೆಲಸ ಮಾತ್ರ ಚೆನ್ನಾಗಿತ್ತು. ಅದು ಕೆಟ್ಟ ಕೆಲಸವಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬೇಕರಿಯ ಗೆಳತಿಯರು ಒಂದು ಭಾನುವಾರ ಅವಳನ್ನು ಡಾನ್ಸ್ ಹಾಲಿಗೆ ಎಳೆದುಕೊಂಡು ಬಂದರು. ಹಾಡು ಮುಗಿಯುವವರೆಗೆ ಕೋಟು ಬಿಚ್ಚದೆ ಕಂಬದ ಪಕ್ಕ ನಿಂತಿದ್ದಳು. ನಾನು ಬೀಗುತ್ತಾ ಹತ್ತಿರ ಹೋದೆ.

"ಹೆಂಗಿದೆ ಅಕ್ಕ?"

"ಯಾರ ತಿಥಿನೋ ಇದು?"

"ತಮಾಷೆ ಮಾಡ್ಬೇಡ. ನಿನ್ನ ದನೀಲಿ ಈ ದುಃಖ ಇತ್ತು ಕಣಕ್ಕ. ನೀನು ಮುಚ್ಚಿಟ್ಟಿದ್ದೆ. ನಾನು ಹೊರಗೆ ತೆಗ್ದೆ, ಅಷ್ಟೇ."

ಅವಳು ನನ್ನ ಮುಖವನ್ನೇ ನೋಡಿದಳು.

"ಇತ್ತು ಅಂತ ನಂಗೊತ್ತಿಲ್ವೇನೋ? ಅದಕ್ಕೇ ಬೇಗ ಬೇಗ ಹಾಡಿದ್ದು."

ಗೆಳತಿಯರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಹೋದಳು. ಹಾಡಿನಲ್ಲಿ ಆ ಸೈಕಲ್ಲು ಹೋಗುತ್ತಿದ್ದ ಮನೆ ನಿಜಕ್ಕೂ ಇತ್ತು. ಆ ಮನೆಯ ಹುಡುಗ ಬೇರೆ ಯಾರನ್ನೋ ಮದುವೆಯಾಗಿದ್ದ. ನನಗೂ ಗೊತ್ತಿದ್ದ ಸಂಗತಿಯೇ. ಆದರೂ ಅಕ್ಕನ ಆ 'ಬೇಗ ಬೇಗ'ದ ಮಾತನ್ನು ಗೆಳೆಯರೆದುರು ಒಳ್ಳೆಯ ಜೋಕಿನಂತೆ ಹೇಳಿಕೊಂಡು ತಿರುಗಿದೆ. ಅದರಿಂದ ಊರಿಗೆಲ್ಲ ಗೊತ್ತಾಯಿತು, ಆ ಸತ್ತವನ ದನಿ ಬೇಕರಿಯ ಯೋಸಿಯಾನಳದು ಎಂದು.

ಮುಂದಿನ ವಸಂತದಲ್ಲಿ ಜೇಲೆ ಎಂಬ ಊರಿನ ಡೇರೆಯಲ್ಲಿ ಅವಳು ಇದೇ ಹಾಡು ಎತ್ತಿಕೊಂಡಾಗ ಹಿಂದೆ ನಿಂತ ಪಡ್ಡೆಗಳು "ನಿಧಾನ, ನಿಧಾನ" ಎಂದು ಕೂಗಿದವು. "ಗಂಡಸಿನ ದನೀಲಿ ಹಾಡೇ" ಎಂದವು. ಒಂದೊಂದೇ ಚಪ್ಪಾಳೆಯನ್ನು ಬಿಟ್ಟು ಬಿಟ್ಟು ತಟ್ಟಿದವು. ಅಕ್ಕ ಎರಡನೆಯ ಸಾಲಿನ ನಡುವೆ ನಿಲ್ಲಿಸಿ, ಮೈಕನ್ನು ಕುರ್ಚಿಯ ಮೇಲಿಟ್ಟು ಇಳಿದುಬಿಟ್ಟಳು. ಮತ್ತೆ ಹಾಡಲಿಲ್ಲ. ಮದುವೆಯಾಯಿತು, ವೀರ್ಲ ಹುಟ್ಟಿದಳು, ಭಾನುವಾರ ಭಾನುವಾರ ನಾನು ಅವಳ ಮನೆಗೆ ಊಟಕ್ಕೆ ಹೋದೆ. ಒಣದ್ರಾಕ್ಷಿಯಂಥ ಕಪ್ಪು ಪ್ಲಮ್ ಹಾಕಿ ಬೇಯಿಸಿದ ಮೊಲದ ಮಾಂಸವನ್ನು ನನಗೇ ಮೊದಲು ಬಡಿಸುತ್ತಿದ್ದಳು. ಪಾತ್ರೆ ತೊಳೆಯುವಾಗ ಕೂಡ ಅವಳ ಬಾಯಿಂದ ಒಂದು ಗುನುಗು ಬರುತ್ತಿರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ಬೈಯಲೇ ಇಲ್ಲ.

ವೀರ್ಲ ಫೋನ್ ಮಾಡಿದ ಸೋಮವಾರವೇ ಅಟ್ಟ ಹತ್ತಿ ಆ ರೆಕಾರ್ಡು ಹುಡುಕಿ ತೆಗೆದೆ. ನಲವತ್ತೈದಕ್ಕಿಟ್ಟು ಮುಳ್ಳು ಇಳಿಸಿದೆ. ಮೊದಲ ಸಾಲು ಇಲ್ಲವೇ ಇಲ್ಲ, ಬಾಣಲೆಯಲ್ಲಿ ಎಣ್ಣೆ ಚಟಪಟಗುಟ್ಟುವಂಥ ಸದ್ದು ಮಾತ್ರ. ನಮ್ಮ ಕಸುಬಿನ ಶಾಪ ಅದು. ಹಾಡನ್ನು ಸರಿಯಾದ ಜಾಗದಿಂದ ಶುರುಮಾಡಲು ರೆಕಾರ್ಡನ್ನು ಮುಳ್ಳಿನಡಿ ಹಿಂದೆ ಮುಂದೆ ಉಜ್ಜುತ್ತೇವೆ. ಸಾವಿರ ಸಲ ಉಜ್ಜಿದರೆ ಆ ಜಾಗದ ಗೀರು ಸವೆದು ಸಾಯುತ್ತದೆ. ಅಕ್ಕನ ಮೊದಲ ಸಾಲನ್ನು ನನ್ನ ಬೆರಳೇ ತಿಂದಿತ್ತು.

ಆಮೇಲೆ ದನಿ ಬಂತು. ತೆಳ್ಳಗೆ, ಬೇಗ ಬೇಗ, ನಗುನಗುತ್ತಾ ಹಾಡುವ ಯಾರೋ ಹುಡುಗಿ. ಯಾರಿವಳು ಅನ್ನಿಸಿತು. ಮುಳ್ಳು ಎತ್ತಿ ಲೇಬಲ್ ಓದಿದೆ. ಅಕ್ಕನ ಹೆಸರೇ. ಮತ್ತೆ ಹಾಕಿದೆ, ಆಗಲೂ ಗುರುತು ಹತ್ತಲಿಲ್ಲ. ಅಕ್ಕ ಮಾತಾಡುವ ದನಿ ನನಗೆ ಚೆನ್ನಾಗಿ ನೆನಪಿದೆ. ಆದರೆ ಹಾಡುವ ದನಿ ಎಂದು ನನ್ನ ತಲೆಯೊಳಗೆ ಇದ್ದದ್ದು ಇದಲ್ಲ. ಕೈ ತಾನಾಗಿ ಗುಂಡಿಯನ್ನು ಮೂವತ್ಮೂರಕ್ಕೆ ತಿರುಗಿಸಿತು, ಆ ಭಾರದ ದನಿ ಬಂತು, ಆಗ ನನಗೆ ಅಕ್ಕ ಸಿಕ್ಕಳು. ಅವಳು ಸತ್ತ ಸುದ್ದಿಗೆ ಬಾರದ ಅಳು ಆಗ ಬಂತು. ಮೂವತ್ತೇಳು ವರ್ಷ ನಾನು ನೆನಪಿಟ್ಟುಕೊಂಡಿದ್ದು ನಾನು ಮಾಡಿದ್ದನ್ನು, ಅವಳನ್ನಲ್ಲ.

ಮಂಗಳವಾರ, ಸವೆಯದ ಪ್ರತಿ ಸಿಕ್ಕೀತೆಂದು ಅಚೀಲ್ ಅವರನ್ನು ಹುಡುಕಿಕೊಂಡು ಹೋದೆ. ಅವರಿಗೆ ಎಂಬತ್ತೆಂಟು ದಾಟಿದೆ, ಕಾಲಿನ ಸ್ವಾಧೀನ ತಪ್ಪಿದೆ, ವೃದ್ಧರ ನಿವಾಸದಲ್ಲಿ ಮೂವರ ಜೊತೆ ಇಸ್ಪೀಟು ಆಡುತ್ತಾ ಗೆಲ್ಲುತ್ತಿದ್ದರು.

"ಯಾರು, ಫಿರ್ಮಿನ್ನಾ? ಬಾ ಕೂತ್ಕೋ. ಇನ್ನೂ ಎಷ್ಟು ಹೆಂಗಸರನ್ನ ಗಂಡಸು ಮಾಡ್ದೆ?"

"ಅಕ್ಕನ ರೆಕಾರ್ಡು ನಿಮ್ಹತ್ರ ಇದ್ಯಾ ಕೇಳೋಣ ಅಂತ ಬಂದೆ. ಶುಕ್ರವಾರಕ್ಕೆ ಬೇಕು."

"ಇಲ್ಲ. ಯಾರ ಹತ್ರಾನೂ ಇಲ್ಲ. ಜೇಲೆ ಡೇರೇಲಿ ಹಂಗಾದ್ಮೇಲೆ ಸೈಕಲ್ ತಗೊಂಡು ಕೊಂಡೋರ ಮನೆಮನೆಗೂ ಹೋದ್ಲು. ಎಲ್ಲಾ ವಾಪಸ್ ಇಸ್ಕೊಂಡ್ಲು. ಎರಡು ಬೇಸಿಗೆ ಹಿಡೀತು ಪಾಪ."

"ಇಸ್ಕೊಂಡು?"

"ಒಡೆದು ಹಾಕಿದ್ಲು. ಇನ್ಯಾರೂ ನಿಧಾನ ಮಾಡ್ಬಾರ್ದು ಅಂತ. ನಂದೂ ಕೊಟ್ಟೆ."

"ನೀವೇ ನುಡಿಸಿದ್ದಲ್ವಾ ಅದು? ಯಾಕೆ ಕೊಟ್ರಿ?"

"ಅವಳು ಕೇಳಿದ್ಲು, ಕೊಟ್ಟೆ." ಅಚೀಲ್ ಎಲೆಗಳನ್ನು ಮಗುಚಿ ಮೇಜಿನ ಮೇಲಿಟ್ಟರು. "ನೀನು ಅವಳನ್ನ ಕೇಳಿದ್ಯೇನೋ?"

ಉಳಿದ ಮೂವರೂ ತಮ್ಮ ತಮ್ಮ ಎಲೆಗಳಲ್ಲಿ ಮುಖ ಹುದುಗಿಸಿದರು. ನನ್ನ ಬಳಿ ಒಂದು ಪ್ರತಿ ಇದೆ, ಸವೆದಿದೆ ಎಂದೆ.

"ಅದು ಅವಳಿಗೂ ಗೊತ್ತಿತ್ತು. ತಮ್ಮನ ಹತ್ರ ಮಾತ್ರ ಕೇಳಲ್ಲ ಅಂದ್ಲು. ನೀನೇ ಒಂದಿನ ತಂದುಕೊಡ್ತೀಯ ಅಂತ ಕಾದ್ಲು."

ಭಾನುವಾರಗಳೆಲ್ಲ ನೆನಪಾದವು. ಕೈಯಲ್ಲಿ ವೈನ್ ಬಾಟಲಿ ಹಿಡಿದು, ಕೆಲವೊಮ್ಮೆ ಹೂವು ಹಿಡಿದು ಹೋಗಿದ್ದೇನೆ. ಬಾಗಿಲು ತೆರೆದಾಗಲೆಲ್ಲ ಅವಳು ಮೊದಲು ನನ್ನ ಕೈ ನೋಡುತ್ತಿದ್ದಳು. ಆಸೆಬುರುಕಿ ಎಂದು ರೇಗಿಸುತ್ತಿದ್ದೆ.

"ಹಂಗಾದ್ರೆ ಶುಕ್ರವಾರ ಹಾಕೋದೇ ಬೇಡ್ವಾ?" ಎಂದೆ. ನಿಜಕ್ಕೂ ಗೊತ್ತಾಗದೆ ಕೇಳಿದೆ.

ಅಚೀಲ್ ಎಲೆಗಳನ್ನು ಮತ್ತೆ ಕೈಗೆತ್ತಿಕೊಂಡರು.

"ಮಗಳು ಕೇಳ್ತಿದ್ದಾಳಲ್ಲ. ಯೋಸಿಯಾನ್ ಹೆಂಗೆ ಹಾಡಿದ್ಲೋ ಹಂಗೇ ಹಾಕು. ನೀನು ಕೈ ಹಾಕ್ಬೇಡ."

ಬುಧವಾರ ಇಡೀ ಹಗಲು ಆ ಮಾತಿನ ಜೊತೆ ಗುದ್ದಾಡಿದೆ. ಇಂದಿನ ಯಂತ್ರಗಳಲ್ಲಿ ಏನು ಸಾಧ್ಯವಿಲ್ಲ? ಬಾಣಲೆಯ ಸದ್ದನ್ನು ಒರೆಸಿಹಾಕಬಹುದು. ಹಾಡು ಶುರುವಾಗುವುದೇ ಪಲ್ಲವಿಯಿಂದ, ಅದು ಮೂರು ಸಲ ಬರುತ್ತದೆ. ಮೂರನೆಯದನ್ನು ಎತ್ತಿ ಸತ್ತ ಮೊದಲ ಸಾಲಿನ ಜಾಗಕ್ಕೆ ಹೊಲಿದರೆ ಹೊಲಿಗೆ ಕಾಣದು. ನಾನು ಮಾಡಿದರಂತೂ ಕಾಣದು, ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿಲ್ಲ. ಒಳ್ಳೆಯದಕ್ಕೇ ತಾನೇ, ಮಗಳಿಗೆ ಪೂರ್ತಿ ಹಾಡು ಸಿಗಲಿ ಎಂದು ತಾನೇ, ಎಂದು ಮನಸ್ಸು ವಕೀಲಿಕೆ ಮಾಡಿತು. ಅಂದೂ ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಕೈ ತುರಿಸುತ್ತಿತ್ತು, ಆ ಕೈ ಮೇಲೆ ನನಗೆ ಹೇಸಿಗೆಯಾಯಿತು. ಕೊನೆಗೆ ವೇಗದ ಗುಂಡಿಯನ್ನು ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ನಲವತ್ತೈದರಲ್ಲಿ ನಿಲ್ಲಿಸಿ, ಮುಳ್ಳು ಇಳಿಸಿ, ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ. ಸವೆತ, ಗೀರು, ಎಲ್ಲವೂ ಇದ್ದ ಹಾಗೆಯೇ ದಾಖಲಾಯಿತು. ಗುರುವಾರ ಬೆಳಗ್ಗೆ ಕಳಿಸಿದೆ.

ಶುಕ್ರವಾರ ಚಿತಾಗಾರದ ಸಭಾಂಗಣದಲ್ಲಿ ಐವತ್ತು ಜನರಿದ್ದರು. ಬೇಕರಿಯ ಗೆಳತಿಯರು, ಅಕ್ಕಪಕ್ಕದ ಮನೆಯವರು, ಮೊದಲ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಅಚೀಲ್. ವೀರ್ಲ ನನ್ನ ಪಕ್ಕ ಕೂತು ನನ್ನ ತೋಳು ಹಿಡಿದಿದ್ದಳು. ಹಾಡು ಶುರುವಾಯಿತು. ಮೊದಲು ಬರೀ ಸರಸರ ಸದ್ದು. ಯಂತ್ರ ಕೆಟ್ಟಿತೇನೋ ಎಂದು ಒಬ್ಬಿಬ್ಬರು ತಲೆಯೆತ್ತಿ ನೋಡಿದರು. ಆಮೇಲೆ ಆ ಹುಡುಗಿ ಹಾಡತೊಡಗಿದಳು, ಚುರುಕಾಗಿ, ಅಲ್ಲಿ ಯಾರೂ ಸತ್ತೇ ಇಲ್ಲವೆಂಬಂತೆ.

ವೀರ್ಲಳ ಹಿಡಿತ ಸಡಿಲವಾಯಿತು. ಅವಳು ಹಾಡನ್ನು ಕೇಳುತ್ತಿದ್ದಳು, ಅದರಲ್ಲಿ ಏನನ್ನೋ ಹುಡುಕುತ್ತಿದ್ದಳು. ಎರಡನೆಯ ಪಲ್ಲವಿಯಲ್ಲಿ ನನ್ನ ಕಡೆ ಬಾಗಿದಳು.

"ಮಾಮ, ಅಮ್ಮ ಹೀಗೇ ಹಾಡ್ತಿದ್ಲಾ? ನಿಂಗೆ ನೆನಪಿದೆ ಅಲ್ವಾ?"

ಲೋಕದಲ್ಲಿ ಅವಳು ಆ ಪ್ರಶ್ನೆ ಕೇಳಬಹುದಾದ ರಕ್ತಸಂಬಂಧಿ ನಾನೊಬ್ಬನೇ. ಮುಂದೆ ಅಚೀಲ್ ಅವರ ಬೆರಳುಗಳು ಹೊದಿಕೆಯ ಮೇಲೆ ಅಕಾರ್ಡಿಯನ್ನಿನ ಗುಂಡಿ ಒತ್ತುತ್ತಿದ್ದವು. ಅವರ ತುಟಿ ಅಕ್ಕ ಹಾಡುವ ಒಂದೊಂದು ಮಾತಿಗೂ ಸರಿಯಾಗಿ, ಒಂದು ಚೂರೂ ಹಿಂದೆ ಬೀಳದೆ ಅಲುಗುತ್ತಿತ್ತು. ಕಣ್ಣೀರು ಗಲ್ಲಕ್ಕಿಳಿದಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾನು ಆ ಮುದುಕನ ಮುಖ ನೋಡಿದೆ.

"ಹೂಂ ಕಣೆ," ಎಂದೆ, "ಹೀಗೇ ಹಾಡ್ತಿದ್ಲು."