ನಿಂತುಹೋದ ನೋವು

ಹುಕ್ಕೇರಿಯಿಂದ ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು ಹೋಗುತ್ತಿದ್ದ ಹಲ್ಲಿನ ಡಾಕ್ಟರ್ ಆಮ್ರಪಾಲಿಗೆ ಆ ಶನಿವಾರ ಸರಿತಾ ಇಪ್ಪತ್ತಮೂರನೆಯ ಪೇಷಂಟು. ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ದವಾಖಾನೆ ಅವಳದಲ್ಲ, ಅಲ್ಲಿ ಅವಳು ಪಗಾರಕ್ಕೆ ದುಡಿಯುತ್ತಿದ್ದಳು.

ಸರಿತಾ ಮೂಡಲಗಿಯ ಹುಡುಗಿ. ಬಂಗಾರದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರದಿಂದ ಗಿರಾಕಿಗಳ ಎದುರು ನಿಲ್ಲಬೇಕಿತ್ತು. ನಾಲ್ಕು ದಿನದ ಹಿಂದಷ್ಟೇ ಹಲ್ಲು ಬೆಳ್ಳಗೆ ಮಾಡಿಸಿಕೊಂಡು ಹೋದವಳು, ಸಾಲದೆಂದು ಮತ್ತೆ ಬಂದಿದ್ದಳು.

"ಕೆಳಗಿನ ಹಲ್ಲು ಇನ್ನೂ ಹಳದಿನ ಅದಾವ್ರಿ ಮೇಡಂ. ಇನ್ನೊಮ್ಮೆ ಹಚ್ರಿ."

"ಎರಡು ವಾರನರ ಬಿಡಬೇಕವಾ. ಜುಮ್ ಅಂತಾವ ಹಲ್ಲು."

"ತಡ್ಕೋತೇನ್ರಿ. ಸೋಮವಾರ ಹಾಜರಾಗಬೇಕು."

ಹೊರಗೆ ಇನ್ನೂ ಐದು ಮಂದಿ ಕೂತಿದ್ದರು. ವಾದ ಮಾಡುವ ಶಕ್ತಿ ಆಮ್ರಪಾಲಿಗಿರಲಿಲ್ಲ. ಹಲ್ಲಿಗೆ ಹಿಂದೆ ಪೆಟ್ಟು ಬಿದ್ದಿತ್ತೇ ಎಂದು ಕೇಳಬೇಕು, ಬೆಳಕು ಹಿಡಿದು ಸೀಳು ನೋಡಬೇಕು, ಸಂಶಯವಿದ್ದರೆ ಎಕ್ಸ್‌ರೇ ತೆಗೆಯಬೇಕು. ಇದೆಲ್ಲ ಅವಳಿಗೆ ಗೊತ್ತಿತ್ತು. ಮೊದಲ ಸಲವೂ ಗಡಿಬಿಡಿಯಲ್ಲಿ ಬಿಟ್ಟಿದ್ದಳು. ಈ ಸಲವೂ ಬಿಟ್ಟಳು. ಒಸಡು ಸುಡದಂತೆ ಲೇಪ ಹಚ್ಚಿ, ಕೆಳಗಿನ ಹಲ್ಲುಗಳ ಮೇಲೆ ಬೆಳ್ಳಗಾಗಿಸುವ ಔಷಧ ಬಳಿದಳು.

ಭಾನುವಾರ ಸರಿತಾಳ ಫೋನು ಬಂತು. ಚಹಾ ಕುಡಿದರೆ ಒಂದು ಹಲ್ಲಿನಿಂದ ಗದ್ದದವರೆಗೆ ಮಿಂಚು ಹೊಡೆದಂತಾಗುತ್ತದೆ ಎಂದಳು. ಬಹಳ ಜನರಿಗೆ ಹೀಗಾಗುತ್ತದೆ, ಕೆಲವು ದಿನಕ್ಕೆ ಇಳಿಯುತ್ತದೆ ಎಂದು ಆಮ್ರಪಾಲಿ ಗುಳಿಗೆ, ಪೇಸ್ಟು ಹೇಳಿದಳು. ಗುರುವಾರ ಮತ್ತೆ ಫೋನು.

"ಪೂರ್ತಿ ಹೋತ್ರಿ ನೋವು. ಥಂಡಿ ನೀರು ಕುಡದ್ರೂ ಏನೂ ಅನ್ನಂಗಿಲ್ಲ."

ಆಮ್ರಪಾಲಿಗೆ ಒಂದು ಗಳಿಗೆ ಅಳುಕಾಯಿತು. ಅಷ್ಟು ಜೋರು ನೋವು ಒಮ್ಮೆಲೇ ನಿಲ್ಲುವುದು ಒಳ್ಳೆಯ ಸುದ್ದಿಯಲ್ಲ. "ಒಮ್ಮೆ ಬಂದು ತೋರಿಸು" ಎಂದಳು. ಸರಿತಾ ಹೂಂ ಎಂದಳು. ಹೊಸ ಕೆಲಸ, ರಜೆ ಕೇಳಲು ಹೆದರಿಕೆ. ಬರಲಿಲ್ಲ. ಆಮ್ರಪಾಲಿಯೂ ಮತ್ತೆ ಕರೆಯಲಿಲ್ಲ.

ತಿಂಗಳಾದ ಮೇಲೆ ಸರಿತಾ ಬಂದಾಗ ಕೆಳಗಿನ ಒಸಡು ಬಾತು, ರೊಟ್ಟಿ ಕಚ್ಚಲು ಆಗುತ್ತಿರಲಿಲ್ಲ. ಆಮ್ರಪಾಲಿ ತಣ್ಣಗಿನ ಹತ್ತಿಯನ್ನು ಒಂದೊಂದೇ ಹಲ್ಲಿಗೆ ಮುಟ್ಟಿಸಿದಳು. ಮೊದಲ ಮೂರು ಹಲ್ಲಿಗೆ ಸರಿತಾ ಮುಖ ಕಿವುಚಿದಳು. ನಾಲ್ಕನೆಯದಕ್ಕೆ ಅವಳಿಗೆ ಏನೂ ಅನ್ನಿಸಲಿಲ್ಲ. ಬೆಳಕು ಹಿಡಿದರೆ ಆ ಹಲ್ಲಿನಲ್ಲಿ ಕೂದಲೆಳೆಯಂಥ ಸೀಳು.

"ಸಣ್ಣಾಕಿದ್ದಾಗ ಬಿದ್ದಿದ್ದೇನು?"

"ಸಾಲಿ ಮೆಟ್ಟಲ ಮ್ಯಾಲೆ ಬಿದ್ದಿದ್ದೆ. ನೀವು ಕೇಳಲೇ ಇಲ್ಲಲ್ರಿ."

ಆಮ್ರಪಾಲಿ ಕೈಗವಸು ತೆಗೆದು ಸ್ಟೂಲಿನ ಮೇಲೆ ಕೂತಳು. "ಹಲ್ಲಿನೊಳಗ ತಿರುಳು ಅಂತ ಇರ್ತೈತಿ ಸರಿತಾ. ನರ, ರಕ್ತ, ಹಲ್ಲಿನ ಜೀವ ಅದು. ಮುಂದಿನ ಕೆಳಗಿನ ಹಲ್ಲು ತೆಳ್ಳಗಿರ್ತಾವ, ಔಷಧ ಲಗೂನ ಒಳಗ ಇಳೀತೈತಿ. ಸೀಳು ಇದ್ರ ಇನ್ನೂ ಲಗೂ. ನಿನ್ನ ಈ ಹಲ್ಲಿನ ತಿರುಳು ಸತ್ತೈತಿ. ಹಳೇ ಪೆಟ್ಟೂ ಕಾರಣ ಇರಬಹುದು. ಆದ್ರ ನಾ ಕೇಳಬೇಕಿತ್ತು, ನೋಡಬೇಕಿತ್ತು. ತಪ್ಪು ನಂದು."

ಸರಿತಾ ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡಳು.

"ಹಚ್ರಿ ಅಂದಾಕಿ ನಾನ. ಖರೆ. ಆದ್ರ ಬ್ಯಾಡ ಅನ್ನಾವ್ರು ನೀವಾಗಬೇಕಿತ್ತಲ್ರಿ. ಓದಿದಾವ್ರು ನೀವು."



ಆಮ್ರಪಾಲಿ ಮೂರು ಸಲ ಕರೆದು, ಸತ್ತ ತಿರುಳು ತೆಗೆಯುವ ಬೇರಿನ ಚಿಕಿತ್ಸೆ ಮುಗಿಸಿದಳು. ಆದದ್ದನ್ನೆಲ್ಲ ಪೇಷಂಟಿನ ಕಾಗದದಲ್ಲಿ ಬರೆದಳು. ದವಾಖಾನೆಯ ಮಾಲೀಕ ಡಾಕ್ಟರು ಓದಿ, "ಇಷ್ಟೆಲ್ಲಾ ಬರೆಯೂದು ಏನಿತ್ತು?" ಎಂದರು. "ಆಗಿದ್ದು ಅಷ್ಟ ಬರದೇನ್ರಿ ಸರ್" ಎಂದಳು. ಆ ವಾರ ಅವರು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಹಲ್ಲು ಉಳಿಯಿತು, ಬಣ್ಣ ಮಾತ್ರ ಸ್ವಲ್ಪ ಬೂದಿಗೆ ತಿರುಗಿತು.

ದೀಪಾವಳಿ ಮುಗಿದ ಮೇಲೆ ಸರಿತಾ ತನ್ನ ಅವ್ವ ಸತ್ತೆವ್ವನನ್ನು ಕರೆದುಕೊಂಡು ಬಂದಳು. ಅವ್ವನಿಗೆ ದವಡೆ ಹಲ್ಲು ಅಲ್ಲಾಡುತ್ತಿತ್ತು.

"ಬ್ಯಾರೆ ಕಡೆ ಹೋಗಬೇಕಂದಿದ್ದೆ" ಎಂದಳು ಸರಿತಾ, ನಗದೆ. "ಅಲ್ಲಿ ಏನಾರ ತಪ್ಪಾದ್ರ ಹೇಳ್ತಾರೋ ಇಲ್ಲೋ."

ಸಂಜೆಯಾಗಿತ್ತು, ಹುಕ್ಕೇರಿ ಬಸ್ಸಿನ ಹೊತ್ತು. ಆಮ್ರಪಾಲಿ ಕಾಗದ ಎದುರಿಗೆ ಎಳೆದುಕೊಂಡು, "ಬಿಪಿ, ಸಕ್ರಿ ಏನರ ಐತೇನವಾ? ಹಿಂದಕ್ಕ ಹಲ್ಲು ತಗಿಸಿದ್ಯಾ?" ಎಂದು ಕೇಳಿದಳು. ಸತ್ತೆವ್ವ ಮೊದಲ ಬಾಣಂತನದಿಂದ ಶುರುಮಾಡಿದಳು. ಆಮ್ರಪಾಲಿ ಬರೆದುಕೊಳ್ಳುತ್ತಾ ಹೋದಳು.