ವಿಮಲಮ್ಮನಿಗಾಗಿ ರಸ್ತೆ ತಡೆ

ಹೆಂಡತಿ ಕಾಣೆಯಾಗಿರುವುದು ಪದ್ಮಪ್ಪ ಗೌಡರಿಗೆ ಗೊತ್ತಾದದ್ದು ಬಚ್ಚಲುಮನೆಯಲ್ಲಿ. ಮೈತುಂಬ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿಕೊಂಡೇ, "ವಿಮಲಾ, ಬಿಸಿನೀರು ಮುಗೀತು" ಎಂದು ಕೂಗಿದರು. ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ಕೊನೆಗೆ ಹೊರಗಿನಿಂದ ಉತ್ತರ ಕೊಟ್ಟವನು ತೋಟದ ಕೆಲಸಕ್ಕೆ ಬಂದಿದ್ದ ಕಾಳನ್.

"ಅಮ್ಮ ಮನೇಲಿಲ್ಲ ಗೌಡ್ರೆ. ಹಿತ್ತಲ ಬಾಗಿಲು ಹಾಕಿದೆ."

ಪದ್ಮಪ್ಪ ತಣ್ಣೀರಿನಲ್ಲೇ ಸ್ನಾನ ಮುಗಿಸಿ, ನಡುಗುತ್ತ ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದರು. ಅದು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ರಿಂಗಾಯಿತು. ಪಕ್ಕದ ಪಾತ್ರೆಯಲ್ಲಿ ಇಡ್ಲಿ ಇತ್ತು. ಗಾಬರಿಯ ನಡುವೆಯೂ ನಾಲ್ಕು ತಿಂದು, ತೋಟವೆಲ್ಲ ಒಂದು ಸುತ್ತು ಹುಡುಕಿದರು. ತೋಟದ ಹಿಂದೆ ಕಾಡು. ಕಾಡಿನ ಅಂಚಿನ ಕೆರೆಯ ದಂಡೆಯಲ್ಲಿ ಕಾಳನ್ ಒಂದು ಚಪ್ಪಲಿ ಎತ್ತಿ ತೋರಿಸಿದ. ಅದರ ಹಿಮ್ಮಡಿಯ ಭಾಗವನ್ನು ಯಾವುದೋ ಪ್ರಾಣಿ ಜಗಿದಿತ್ತು.

"ಅಮ್ಮಂದೇ ಇದು," ಎಂದ ಕಾಳನ್.

ಅದು ವಿಮಲಮ್ಮ ಹಳೆಯದಾಯಿತೆಂದು ಎಂದೋ ಬಿಸಾಕಿದ ಚಪ್ಪಲಿ, ಜಗಿದದ್ದು ಅವರ ಮನೆಯ ನಾಯಿಯೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಪದ್ಮಪ್ಪ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ಕಾಟ್ಟಿಕುಳಂ ಪೇಟೆಗೆ ಬಂದು ವೇಲಾಯುಧನ ಚಹಾದಂಗಡಿಯ ಬೆಂಚಿನ ಮೇಲೆ ಕುಸಿದು ಕೂತರು.

ವೇಲಾಯುಧನ್ ಹಾಲು ಹಾಕದ ಒಂದು ಕಟ್ಟನ್ ಚಹಾ ಕೊಟ್ಟು, ಕಥೆಯೆಲ್ಲ ಕೇಳಿ, ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹುಲಿ ಆಗಿದ್ರೆ ಎರಡು ಚಪ್ಪಲೀನೂ ಬಿಟ್ಟು ಹೋಗ್ತಿತ್ತು ಗೌಡ್ರೆ," ಎಂದ. "ಒಂದನ್ನು ತಗೊಂಡು ಹೋಗಿದೆ ಅಂದ್ರೆ ಆನೆ."

"ಆನೆಗೆ ಚಪ್ಪಲಿ ಯಾಕಪ್ಪ?"

"ಅದನ್ನ ಯಾರು ಕೇಳೋದು?"

ಅಷ್ಟರಲ್ಲಿ ಅಂಗಡಿಯ ಮುಂದೆ ಜನ ಸೇರಿತು. ವಿಮಲಮ್ಮ ಎಂದೂ ಒಬ್ಬರೇ ಎಲ್ಲಿಗೂ ಹೋಗದವರು ಎಂದು ಒಬ್ಬರು ಹೇಳಿದರು. ಹಾಗೆ ಹೋಗದವರೇ ಒಂದು ದಿನ ಹೋಗುವುದು ಎಂದು ಇನ್ನೊಬ್ಬರು. ಜೈನರ ಮನೆಯ ಹೆಂಗಸು, ದೀಕ್ಷೆ ತಗೊಳ್ಳಲು ಶ್ರವಣಬೆಳಗೊಳಕ್ಕೆ ಹೋಗಿರಬಹುದು ಎಂಬ ಮಾತು ಬಂತು. "ಇಡ್ಲಿ ಮಾಡಿಟ್ಟು ಯಾರಾದ್ರೂ ದೀಕ್ಷೆಗೆ ಹೋಗ್ತಾರಾ?" ಎಂದು ಪದ್ಮಪ್ಪ ಕೇಳಿದಾಗ, "ಇಡ್ಲಿಯೇ ಕೊನೆಯ ಮೋಹ ಗೌಡ್ರೆ" ಎಂದು ಯಾರೋ ಸಮಾಧಾನ ಹೇಳಿದರು. ಹಲಸಿನಕಾಯಿ ವ್ಯಾಪಾರಕ್ಕೆ ಬರುತ್ತಿದ್ದ ಒಬ್ಬ ಮನುಷ್ಯ ಹೋದ ವಾರದಿಂದ ಕಾಣಿಸುತ್ತಿಲ್ಲ ಎಂಬ ಮಾತೂ ಹಿಂದಿನಿಂದ ಬಂತು. ಆದರೆ ಆ ಮನುಷ್ಯ ಅಲ್ಲೇ ನಿಂತು ಚಹಾ ಕುಡಿಯುತ್ತಿದ್ದುದರಿಂದ ಅದು ಮುಂದುವರಿಯಲಿಲ್ಲ.

ಆಗ ಮಾನಂದವಾಡಿಯಿಂದ ಬಂದ ಬಸ್ಸಿನಿಂದ ಇಳಿದ ಅಂಬಿಳಿ ಎಂಬ ನರ್ಸರಿ ಟೀಚರ್ ಸುದ್ದಿ ಕೇಳಿ ಅಲ್ಲೇ ನಿಂತುಬಿಟ್ಟಳು.

"ವಿಮಲೇಚಿಯನ್ನ ನಾನು ಈಗಷ್ಟೆ ನೋಡಿದೆ," ಎಂದಳು; ಚೇಚಿ ಎಂದರೆ ಅಕ್ಕ, ಪೇಟೆಯವರಿಗೆಲ್ಲ ವಿಮಲಮ್ಮ ವಿಮಲೇಚಿ. "ಮಾನಂದವಾಡಿ ಹತ್ರ ಒಂದು ಮೈದಾನದಲ್ಲಿ. ಒಂದು ಬಿಳಿ ಕಾರು. ಕಾರಿನೊಳಗೆ ವಿಮಲೇಚಿ. ಹೊರಗೆ ಒಬ್ಬ ದಪ್ಪ ಮೀಸೆಯ ಗಂಡಸು ನಿಂತು ಬೈತಿದ್ದ."

"ಆಮೇಲೆ?"

"ಕಾರು ಮುಂದೆ ಹೋಯ್ತು. ಹಿಂದೆ ಬಂತು. ಮತ್ತೆ ಮುಂದೆ ಹೋಯ್ತು, ಮತ್ತೆ ಹಿಂದೆ ಬಂತು. ಅಷ್ಟರಲ್ಲಿ ಬಸ್ಸು ಹೊರಟಿತು."



"ಅಪಹರಣ," ಎಂದ ಮೋಹನನ್. ಊರಿನ ಎಲ್ಲ ಸಮಿತಿಗಳಿಗೂ ಕಾರ್ಯದರ್ಶಿಯಾಗಿದ್ದವನು ಅವನೇ. "ಅವರು ತಪ್ಪಿಸಿಕೊಳ್ಳೋಕೆ ನೋಡ್ತಿದ್ರು. ಕಾರು ಮುಂದೆ ಹಿಂದೆ ಹೋಗಿದ್ದು ಅದಕ್ಕೇ."

ಮೋಹನನ್ ಅಲ್ಲೇ, ಬೆಂಚಿನ ಮೇಲೆ ನಿಂತು, ವಿಮಲಮ್ಮ ರಕ್ಷಣಾ ಸಮಿತಿ ರಚಿಸಿದ. ಪೊಲೀಸರಿಗೆ ಫೋನ್ ಮಾಡಿದ. ಅವರು ಮಾನಂದವಾಡಿ ಕಡೆ ವಿಚಾರಿಸುತ್ತೇವೆ ಎಂದರು. ಸಮಿತಿಗೆ ಅದು ಸಾಲಲಿಲ್ಲ. ಕಾಡಿನ ಅಂಚಿನ ಈ ರಸ್ತೆಗೆ ಒಂದು ದೀಪವಿಲ್ಲ, ಆನೆಬೇಲಿ ಕೇಳಿ ಕೇಳಿ ಸಾಕಾಗಿದೆ, ಈಗ ಹೆಂಗಸರೂ ಮಾಯವಾಗುತ್ತಿದ್ದಾರೆ. ಆದ್ದರಿಂದ ರಸ್ತೆ ತಡೆ ಎಂದು ಅವನು ಘೋಷಿಸಿದ. ಅಪಹರಣಕ್ಕೂ ಆನೆಬೇಲಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಬೇಲಿ ಎಲ್ಲರಿಗೂ ಬೇಕಾಗಿತ್ತು.

ಫ್ಲೆಕ್ಸ್ ಬೋರ್ಡ್ ಅಚ್ಚು ಹಾಕಿಸುವ ಕೆಲಸ ಸುಧೀಶನದು. ಅವನು ಮೊಬೈಲ್ ಹಿಡಿದು ಪದ್ಮಪ್ಪನವರ ಮುಂದೆ ಕೂತ.

"ಗೌಡ್ರೆ, ಚೇಚಿ ಉಟ್ಟಿದ್ದ ಸೀರೆ ಬಣ್ಣ?"

ಪದ್ಮಪ್ಪ ಯೋಚಿಸಿದರು. "ಸೀರೆಯದ್ದೇ ಬಣ್ಣ."

"ಎತ್ತರ?"

"ನನ್ನ ಭುಜದಷ್ಟು ಬರ್ತಾಳೆ. ಇಲ್ಲ, ಕಿವಿಯಷ್ಟು."

"ಗುರುತಿನ ಮಚ್ಚೆ ಏನಾದ್ರೂ?"

ಪದ್ಮಪ್ಪ ತಲೆ ಕೆರೆದುಕೊಂಡರು. ಮಗಳು ಹುಟ್ಟಿ, ಬೆಳೆದು, ಕೇಣಿಚಿರಕ್ಕೆ ಮದುವೆಯಾಗಿ ಹೋಗುವಷ್ಟು ಕಾಲ ಒಂದೇ ಮನೆಯಲ್ಲಿ ಬಾಳಿದ್ದಾರೆ. ಹೆಂಡತಿಯ ಮುಖ ಕಣ್ಣ ಮುಂದೆ ಇದೆ, ಆದರೆ ಬಾಯಲ್ಲಿ ಹೇಳಲು ಏನೂ ಸಿಗುತ್ತಿಲ್ಲ. "ನಕ್ಕಾಗ ಬಾಯಿಗೆ ಸೆರಗು ಅಡ್ಡ ಹಿಡೀತಾಳೆ," ಎಂದರು ಕೊನೆಗೆ. "ಅದನ್ನ ಹಾಕು." ಹೇಳಿದವರೇ ಟವೆಲಿನಿಂದ ಕಣ್ಣು ಒರೆಸಿಕೊಂಡರು.

ಫೋಟೊ ಎಂದು ಸಿಕ್ಕಿದ್ದು ಮದುವೆಯ ಆಲ್ಬಮ್ಮಿನದು. ಅದು ಮಸುಕಾಗಿದೆ ಎಂದು ಸುಧೀಶ್ ಯಾವುದೋ ಆ್ಯಪ್‌ಗೆ ಹಾಕಿ ಚೆಂದ ಮಾಡಿಸಿದ. ಅದು ಮೂಗನ್ನು ನೇರ ಮಾಡಿತು, ಕಣ್ಣನ್ನು ದೊಡ್ಡದು ಮಾಡಿತು, ಕೂದಲನ್ನು ಗಾಳಿಯಲ್ಲಿ ಹಾರಿಸಿತು. ಮಧ್ಯಾಹ್ನದ ಹೊತ್ತಿಗೆ ಪೇಟೆಯ ನಡುವೆ ಸಿನಿಮಾ ನಟಿಯಂಥ ಒಬ್ಬ ಹುಡುಗಿಯ ದೊಡ್ಡ ಚಿತ್ರ ನಿಂತಿತ್ತು. ಅದರ ಕೆಳಗೆ ಮಲಯಾಳದಲ್ಲಿ, "ನಮ್ಮ ವಿಮಲೇಚಿ ಎಲ್ಲಿ?"

ರಸ್ತೆಗೆ ಅಡ್ಡ ಹಗ್ಗ ಕಟ್ಟಿದರು. ಪದ್ಮಪ್ಪನವರನ್ನು ಕುರ್ಚಿ ಹಾಕಿ ನಡುರಸ್ತೆಯಲ್ಲಿ ಕೂರಿಸಿ ಕಾಳನ್ ಕೊಡೆ ಹಿಡಿದ. ಮೈಸೂರಿನ ಕಡೆ ಹೊರಟ ಶುಂಠಿ ಲಾರಿಗಳು, ಪ್ರವಾಸಿಗರ ಕಾರುಗಳು, ಬಸ್ಸುಗಳು, ಎಲ್ಲ ಎರಡೂ ಕಡೆ ಸಾಲುಗಟ್ಟಿ ನಿಂತವು.

ಇತ್ತ ವಿಮಲಮ್ಮ ಡ್ರೈವಿಂಗ್ ಟೆಸ್ಟ್ ಪಾಸಾಗಿದ್ದರು.

ಮಗಳು ಮೇಘನಾಗೆ ಮಗುವಾದ ಮೇಲೆ ಕೇಣಿಚಿರಕ್ಕೆ ಹೋಗಿಬರಬೇಕೆಂದು ಅವರಿಗೆ ದಿನವೂ ಅನ್ನಿಸುತ್ತಿತ್ತು. ಎರಡು ಬಸ್ಸು ಬದಲಿಸಬೇಕು. ಗಂಡನನ್ನು ಕೇಳಿದರೆ, ನಾಳೆ ಹೋಗೋಣ ಎನ್ನುತ್ತಿದ್ದರು. ಆ ನಾಳೆಗಳು ಕೂಡಿ ಮಗುವಿಗೆ ಹಲ್ಲು ಬಂದಿತ್ತು. ಆದ್ದರಿಂದ ಅವರು ಮಾನಂದವಾಡಿಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಶೋಭ ಎಂಬವಳ ಬಳಿ ಸೇರಿಕೊಂಡರು. ಪೇಟೆಗೆ ಸಾಮಾನಿಗೆ ಹೋಗುವ ನೆಪದಲ್ಲೇ ಕಲಿತರು. ಪರೀಕ್ಷೆಯಲ್ಲಿ ಮೈದಾನದಲ್ಲಿ ನೆಟ್ಟ ಕಂಬಿಗಳ ನಡುವೆ ಕಾರನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ ಇಂಗ್ಲಿಷಿನ 'ಎಚ್' ಅಕ್ಷರ ಬರೆಯಬೇಕು. ಹಿಂದಿನ ಸಲ ವಿಮಲಮ್ಮ ಎಚ್ ಬರೆಯಲು ಹೋಗಿ ಕಂಬಿಯನ್ನೂ, ಕಂಬಿಯ ಆಚೆ ಕೂತಿದ್ದ ಕಡಲೆಕಾಯಿಯವನ ಬುಟ್ಟಿಯನ್ನೂ ಕೆಡವಿದ್ದರು. ಇವತ್ತು ದಪ್ಪ ಮೀಸೆಯ ಅಧಿಕಾರಿ ಬೈಯುತ್ತಲೇ ಇದ್ದರೂ ಒಂದು ಕಂಬಿಯೂ ಅಲುಗಲಿಲ್ಲ. ಸರದಿ ಬರುವಷ್ಟರಲ್ಲೇ ಬಹಳ ಹೊತ್ತಾಗಿತ್ತು. ಆಮೇಲೆ ರಸ್ತೆಯ ಮೇಲಿನ ಪರೀಕ್ಷೆ, ಅದಾದ ಮೇಲೆ ಶೋಭಳ ಜೊತೆ ಮಸಾಲೆದೋಸೆ, ಐಸ್ಕ್ರೀಮು. ಫೋನ್ ಮರೆತದ್ದು ನೆನಪಾದರೂ ಯಾರು ತನ್ನನ್ನು ಹುಡುಕುತ್ತಾರೆ ಎಂದುಕೊಂಡರು.

"ಮನೆತನಕ ನೀವೇ ಓಡಿಸಿ ಚೇಚಿ," ಎಂದಳು ಶೋಭ.

ಹಾಗೆ ಹೊರಟ ಕಾರು ಕಾಟ್ಟಿಕುಳಂ ಮುಟ್ಟುವ ಮೊದಲೇ ನಿಂತಿತು. ಮುಂದೆ ಲಾರಿಗಳ ಸಾಲು. ವಿಮಲಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಲಾರಿಯ ನೆರಳಿನಲ್ಲಿ ಕೂತಿದ್ದ ಡ್ರೈವರನನ್ನು ಏನಾಗಿದೆ ಎಂದು ಕೇಳಿದರು.

"ಯಾವುದೋ ಚೇಚಿಯನ್ನ ಕದ್ದುಕೊಂಡು ಹೋಗಿದ್ದಾರಂತೆ," ಎಂದ ಅವನು. "ಆಮೇಲೆ ಆನೆ ತುಳಿದಿದೆ. ಸಣ್ಣ ವಯಸ್ಸು, ನೋಡೋಕೂ ಚೆಂದ."

"ಪಾವಂ, ಪಾಪ," ಎಂದರು ವಿಮಲಮ್ಮ. ಕಣ್ಣಲ್ಲಿ ನೀರು ಬಂತು. "ಮಕ್ಕಳಿದ್ದಾರೇನೋ."

ಬಹಳ ಹೊತ್ತು ಕಾದರೂ ಸಾಲು ಸರಿಯಲಿಲ್ಲ. ನಡೆದು ಹೋಗಿ ನೋಡಿಬರುತ್ತೇನೆ ಎಂದು ವಿಮಲಮ್ಮ ಇಳಿದರು. ಪೇಟೆಯ ನಡುವೆ ಬಂದಾಗ ನಡುರಸ್ತೆಯಲ್ಲಿ ತಮ್ಮ ಗಂಡ ಕೂತಿರುವುದು ಕಂಡಿತು. ಮಡಿಲಲ್ಲಿ ಒಂದು ಹಳೆಯ ಚಪ್ಪಲಿ. ಮೇಲೆ ಕೊಡೆ. ಯಾರೋ ಹತ್ತಿರದವರೇ ಹೋಗಿಬಿಟ್ಟಿದ್ದಾರೆ ಎಂದುಕೊಂಡು ಓಡಿದರು. ಹಗ್ಗದ ಬಳಿ ರಜೀಶ್ ಎಂಬ ಯುವಕ ಅಡ್ಡ ಬಂದ. ಅವನು ಕೇಣಿಚಿರದಿಂದ ರಸ್ತೆ ತಡೆಗೆಂದೇ ಬಂದವನು.

"ವಿಮಲೇಚಿ ಸಿಗೋವರೆಗೆ ಯಾರನ್ನೂ ಬಿಡಲ್ಲ."

"ನಾನೇ ವಿಮಲ, ಮೋನೆ," ಎಂದರು, ಮಗನೇ ಎನ್ನುವ ಧಾಟಿಯಲ್ಲಿ.

ರಜೀಶ್ ಫ್ಲೆಕ್ಸಿನ ಕಡೆ ನೋಡಿದ, ಅವರ ಕಡೆ ನೋಡಿದ. "ಅಮ್ಮಾ, ಒಂದು ಮನೆ ಹಾಳಾಗಿ ಕೂತಿದೆ. ಇಂಥ ಹೊತ್ತಲ್ಲಿ ತಮಾಷೆ ಮಾಡಬಾರದು."

ವಿಮಲಮ್ಮನೂ ಫ್ಲೆಕ್ಸ್ ನೋಡಿದರು. ಹೆಸರು ತಮ್ಮದು, ಮುಖ ಯಾರದೋ. ಆದರೆ ಆ ಹುಡುಗಿ ಉಟ್ಟಿದ್ದ ಧಾರೆ ಸೀರೆಯನ್ನು ಅವರು ಗುರುತು ಹಿಡಿದರು. ಅವರಿಗೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದರು.

ಅದು ಪದ್ಮಪ್ಪನವರಿಗೆ ಕಂಡಿತು. ಎದ್ದ ರಭಸಕ್ಕೆ ಕುರ್ಚಿ ಮಗುಚಿತು.

"ಎಲ್ಲಿಗೆ ಹೋಗಿದ್ದೆ?"

"ಮಾನಂದವಾಡಿಗೆ. ನಿನ್ನೆ ಹೇಳಿದ್ನಲ್ಲ? ಹೂಂ ಅಂದ್ರಿ."

"ನಾನು ಹೂಂ ಅಂದ್ನಾ?"

"ನ್ಯೂಸ್ ನೋಡ್ತಾ ಇದ್ರಿ."

ಪದ್ಮಪ್ಪನವರಿಗೆ ಬೈಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಜನರೆದುರು ಎರಡೂ ಆಗಲಿಲ್ಲ. ಹೆಂಡತಿಯ ಕೈಗೆ ಚಪ್ಪಲಿ ಕೊಟ್ಟರು. ವಿಷಯ ತಿಳಿದ ಮೋಹನನ್ ಮಾತ್ರ ಮೈಕು ಬಿಟ್ಟು ಓಡಿಬಂದು ಇಬ್ಬರನ್ನೂ ವೇಲಾಯುಧನ ಅಂಗಡಿಯೊಳಗೆ ತಳ್ಳಿಕೊಂಡು ಹೋದ.

"ಚೇಚಿ, ಬಂದಿದ್ದು ಬಹಳ ಸಂತೋಷ," ಎಂದ. "ಆದ್ರೆ ಸ್ವಲ್ಪ ಹೊತ್ತು ಸಿಗಬೇಡಿ. ದೊಡ್ಡ ಆಫೀಸರು ದಾರಿಯಲ್ಲಿದ್ದಾರೆ. ಬೇಲಿ, ಲೈಟು, ಎರಡಕ್ಕೂ ಜನರ ಮುಂದೆ ಮಾತು ಕೊಡ್ತಾರಂತೆ. ನೀವು ಸಿಕ್ಕಿದ್ರಿ ಅಂತ ಗೊತ್ತಾದ್ರೆ ಅರ್ಧ ದಾರಿಯಿಂದಲೇ ವಾಪಸ್ ಹೋಗ್ತಾರೆ."

ವಿಮಲಮ್ಮ ಯೋಚಿಸಿದರು. ಹೋದ ತಿಂಗಳು ಆನೆ ಬಂದು ಅವರ ಬಾಳೆಯನ್ನೆಲ್ಲ ತಿಂದಿತ್ತು. ಸರಿ ಎಂದು ಒಳಗಿನ ಬೆಂಚಿನ ಮೇಲೆ ಕೂತರು. ವೇಲಾಯುಧನ್ ಬಿಸಿಬಿಸಿ ಪಳಂಪೊರಿ ಕರಿದು ಕೊಟ್ಟ. ಬಾಳೆಹಣ್ಣಿನ ಆ ಬೋಂಡ ತಿನ್ನುತ್ತ ಅವರು ತಮ್ಮ ಬಗ್ಗೆ ಹೊರಗೆ ನಡೆಯುತ್ತಿದ್ದ ಭಾಷಣ ಕೇಳಿದರು. ಮನೆಯ ಹೊಸ್ತಿಲು ದಾಟದವರು, ಎದುರು ಮಾತಾಡದವರು, ಇರುವೆಗೂ ನೋವು ಮಾಡದವರು ಎಂದು ಮೋಹನನ್ ಹೇಳುತ್ತಿದ್ದ.

"ಯಾರ ಬಗ್ಗೆ ಹೇಳ್ತಿದ್ದಾನೆ ಇವನು?" ಎಂದು ಅವರು ವೇಲಾಯುಧನನ್ನು ಕೇಳಿದರು.

ಆಮೇಲೆ ಮೈಕು, ಮತ್ತೆ ಹೊರಗೆ ಬಂದು ಕೂತಿದ್ದ ಪದ್ಮಪ್ಪನವರ ಕೈಗೆ ಬಂತು. ಹೆಂಡತಿ ಒಳಗೆ ಕೂತು ಕೇಳುತ್ತಿದ್ದಾಳೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಮಾತು ತಡವರಿಸಿತು.

"ಸೀರೆ ಬಣ್ಣ ಕೇಳಿದ್ರು. ನನಗೆ ಗೊತ್ತಿರ್ಲಿಲ್ಲ," ಎಂದರು. ಸ್ವಲ್ಪ ತಡೆದು, "ಪಾಚಿ ಹಸಿರು. ಅಂಚಲ್ಲಿ ಅರಿಶಿನ ಬಣ್ಣ. ಈಗ ನೋಡಿ ಹೇಳ್ತಿದ್ದೀನಿ" ಎಂದುಬಿಟ್ಟರು.

ಮೋಹನನ್ ಮೈಕು ಕಿತ್ತುಕೊಂಡ. ಅದೃಷ್ಟಕ್ಕೆ ಅದೇ ಹೊತ್ತಿಗೆ ಅಧಿಕಾರಿಯ ಜೀಪು ಬಂತು. ಬಿಸಿಲಿನಲ್ಲಿ ಬೆವೆತಿದ್ದ ಅವರು ಬೇಗ ಮುಗಿಸುವ ಆಸೆಯಿಂದ ಮಳೆಗಾಲಕ್ಕೆ ಮುಂಚೆ ಬೇಲಿ, ಅದಕ್ಕೂ ಮುಂಚೆ ದೀಪ ಎಂದು ಮೈಕಿನಲ್ಲೇ ಹೇಳಿದರು. ಚಪ್ಪಾಳೆ ಬಿತ್ತು. ಆಮೇಲೆ ಅವರು ವೇಲಾಯುಧನ ಕಡೆ ತಿರುಗಿ, ಕಾಣೆಯಾದವರನ್ನು ಕೊನೆಯ ಸಲ ನೋಡಿದ್ದು ಯಾರು ಎಂದು ಕೇಳಿದರು.

ಅಧಿಕಾರಿಗಳ ಮುಂದೆ ಸುಳ್ಳು ಹೇಳಿ ವೇಲಾಯುಧನಿಗೆ ಅಭ್ಯಾಸವಿರಲಿಲ್ಲ. "ನಾನೇ ಸಾರ್. ಈಗಷ್ಟೆ ಎರಡನೇ ಪಳಂಪೊರಿ ಕೊಟ್ಟೆ."

ವಿಮಲಮ್ಮ ಕೈ ಒರೆಸಿಕೊಂಡು ಹೊರಗೆ ಬಂದರು. ಅಧಿಕಾರಿ ಅವರನ್ನು ನೋಡಿದರು, ಫ್ಲೆಕ್ಸ್ ನೋಡಿದರು, ತಲೆಯ ಮೇಲಿನ ಬಿಸಿಲು ನೋಡಿದರು. ಕೊಟ್ಟ ಮಾತು ಮಾತ್ರ ಎಲ್ಲರ ಮೊಬೈಲಿನಲ್ಲೂ ಸೇರಿಹೋಗಿತ್ತು. "ನಿಮಗೇನಾದರೂ ಹೇಳುವುದಿದೆಯೇ?" ಎಂದು ಕೇಳಿದರು.

"ಹಗ್ಗ ಬಿಚ್ಚಿಸಿ ಸಾರ್," ಎಂದರು ವಿಮಲಮ್ಮ. "ನಮ್ಮ ಕಾರು ಹಿಂದೆ ಸಿಕ್ಕಿಹಾಕ್ಕೊಂಡಿದೆ."

ದೀಪಗಳು ಆ ತಿಂಗಳೇ ಬಂದವು. ಬೇಲಿ ಸ್ವಲ್ಪ ತಡವಾಗಿ, ಮೊದಲ ಮಳೆಯ ನಡುವೆ ಬಂತು. ಮೋಹನನ್ ಅದನ್ನು ವಿಮಲಮ್ಮನ ಕೈಯಿಂದಲೇ ಉದ್ಘಾಟನೆ ಮಾಡಿಸಿದ. ಪೇಟೆಯ ಹೆಂಗಸರಲ್ಲಿ ಹಲವರು ಅವರನ್ನು ಪಕ್ಕಕ್ಕೆ ಕರೆದು ಶೋಭಳ ನಂಬರು ಕೇಳಿಕೊಂಡರು.

ಅಳಿಯ ಸುಮಂತ್ ತನ್ನ ಹಳೆಯ ಕಾರನ್ನು ಅತ್ತೆಗೆ ಬಿಟ್ಟುಕೊಟ್ಟ. ಮುಂದಿನ ಭಾನುವಾರ ಗಂಡಹೆಂಡತಿ ಅದರಲ್ಲೇ ಕೇಣಿಚಿರಕ್ಕೆ ಹೊರಟರು. ವಿಮಲಮ್ಮ ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು, ರಸ್ತೆಯಿಂದ ಕಣ್ಣು ಕೀಳದೆ ಕೂತಿದ್ದರು. ಪದ್ಮಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ಹಿಂದೆ ಹಾರ್ನ್ ಹೊಡೆಯುತ್ತಿದ್ದವರಿಗೆಲ್ಲ ಮುಂದೆ ಹೋಗಿ ಎಂದು ವಿನಯದಿಂದ ಸನ್ನೆ ಮಾಡುತ್ತಿದ್ದರು. ಬಸ್ಸು ದಾಟಿತು. ಆಟೋ ದಾಟಿತು. ಪನಮರಂ ಕಳೆದ ಮೇಲೆ ಒಂದು ಏರಿನಲ್ಲಿ, ಹುಲ್ಲಿನ ಹೊರೆ ಕಟ್ಟಿಕೊಂಡ ಸೈಕಲ್ಲೊಂದನ್ನು ತಳ್ಳಿಕೊಂಡು ಹೋಗುತ್ತಿದ್ದ ಮುದುಕರೊಬ್ಬರು ಅವರ ಪಕ್ಕದಲ್ಲೇ ಸ್ವಲ್ಪ ದೂರ ಬಂದು, ಪದ್ಮಪ್ಪನವರ ಜೊತೆ ಈ ವರ್ಷದ ಕಾಳುಮೆಣಸಿನ ವಿಷಯ ಮಾತಾಡಿ, ಮುಂದೆ ಹೋದರು.